ಕರಿಬೇವಿನ ಗಿಡದಲ್ಲಿ ಹುಟ್ಟಿದ ‘ರೋಸ್’

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಅಡುಗೆಮನೆಯ ಕಿಟಕಿಯಿಂದ ಕೈ ಚಾಚಿದರೆ ಎಟುಕುವಷ್ಟು ಹತ್ತಿರದಲ್ಲಿ ಒಂದು ಕರಿಬೇವಿನ ಗಿಡವಿದೆ. ಒಗ್ಗರಣೆಗೆಂದು ಎಸಳು ಮುರಿಯಲು ಹೋದಾಗಲೆಲ್ಲ ಅದರ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುಗಳೋ, ಸ್ವಲ್ಪ ಬೆಳೆದು ಎಲೆಯ ಹಸಿರನ್ನೇ ಮೈಗೆ ತಂದುಕೊಂಡ ಹುಳುಗಳೋ ಕಣ್ಣಿಗೆ ಬೀಳುತ್ತವೆ. ಕಳೆದ ವರ್ಷ ದಸರಾ ರಜೆಗೆ ಬಂದಿದ್ದ ನನ್ನ ತಂಗಿಯ ಮಗಳು ಅಂಥದ್ದೊಂದು ಹಸಿರು ಹುಳುವನ್ನು ಎಸಳಿನ ಸಮೇತ ತಂದು, ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿಟ್ಟು, ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ ಸಾಕತೊಡಗಿದಳು. ಎರಡನೆಯ ದಿನ ಅದು ತಿನ್ನುವುದನ್ನು ನಿಲ್ಲಿಸಿ, ಸೊಂಟಕ್ಕೊಂದು ನೂಲಿನ ಪಟ್ಟಿ ಬಿಗಿದುಕೊಂಡು, ಕಡ್ಡಿಗೆ ಒರಗಿ ಕೋಶವಾಯಿತು. ಅದಾದ ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಅವಳು ಓಡಿ ಬಂದು, “ದೊಡ್ಡಮ್ಮ, ರೋಸ್ ಬಂದಿದೆ, ಕ್ರಿಮ್ಸನ್ ರೋಸ್!” ಎಂದಳು.

ಹೋಗಿ ನೋಡಿದೆ. ಒಡೆದ ಕೋಶದ ಸಿಪ್ಪೆಯನ್ನು ಕಾಲುಗಳಲ್ಲಿ ಹಿಡಿದು ಚಿಟ್ಟೆ ತಲೆ ಮೇಲಾಗಿ ತೂಗುತ್ತಿತ್ತು. ಒದ್ದೆ ಬಟ್ಟೆಯಂತೆ ಸುಕ್ಕಾಗಿದ್ದ ರೆಕ್ಕೆಗಳು ನಿಧಾನವಾಗಿ ಕೆಳಕ್ಕೆ ಬಿಚ್ಚಿಕೊಳ್ಳುತ್ತಿದ್ದವು. ಕಪ್ಪು ರೆಕ್ಕೆ, ಮುಂದಿನ ರೆಕ್ಕೆಯಲ್ಲಿ ಬೂದುಬಿಳಿಯ ಪಟ್ಟೆಗಳು, ಹಿಂದಿನ ರೆಕ್ಕೆಯಲ್ಲಿ ಸಾಲಾಗಿ ಕೆಂಪು ಚುಕ್ಕೆಗಳು, ಕೊನೆಯಲ್ಲಿ ಬಾಲ. ಅಂಗಳದಲ್ಲಿ ಹಾರುತ್ತಿದ್ದರೆ ನಾನೂ ಅದನ್ನು ಕ್ರಿಮ್ಸನ್ ರೋಸ್ ಎಂದೇ ಕರೆಯುತ್ತಿದ್ದೆ. ಆದರೆ ಕ್ರಿಮ್ಸನ್ ರೋಸ್ ಚಿಟ್ಟೆಯ ಹುಳು ಕರಿಬೇವನ್ನು ಮುಟ್ಟುವುದಿಲ್ಲ; ಅದಕ್ಕೆ ಈಶ್ವರಬಳ್ಳಿಯ ಎಲೆಯೇ ಆಗಬೇಕು. ಬಾಟಲಿಯನ್ನು ಬೆಳಕಿಗೆ ತಿರುಗಿಸಿ ಹತ್ತಿರದಿಂದ ನೋಡಿದಾಗ ಉತ್ತರ ಸಿಕ್ಕಿತು. ಕ್ರಿಮ್ಸನ್ ರೋಸ್ ಚಿಟ್ಟೆಯ ತಲೆ ಮತ್ತು ಹೊಟ್ಟೆಯ ಭಾಗ ಕುಂಕುಮ ಹಚ್ಚಿದಂತೆ ಕೆಂಪಗಿರುತ್ತದೆ. ಈ ಚಿಟ್ಟೆಯ ಮೈ ತಲೆಯಿಂದ ತುದಿಯವರೆಗೆ ಕಪ್ಪಾಗಿತ್ತು. ಅದು ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣು.

ಈ ವಿಷಯ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷಗಳಿಂದ ನಮ್ಮ ಅಂಗಳದ ಚಿಟ್ಟೆಗಳನ್ನು ಬರೆದಿಡುತ್ತಿರುವ ನೋಟ್‌ಬುಕ್ಕಿನಲ್ಲಿ, ಕೆಂಪು ಚುಕ್ಕೆಯ ಕಪ್ಪು ಚಿಟ್ಟೆ ಕಂಡಾಗಲೆಲ್ಲ ‘ಕ್ರಿಮ್ಸನ್ ರೋಸ್’ ಎಂದು ಬರೆಯುತ್ತ ಬಂದಿದ್ದೆ. ಅಂದು ಸಂಜೆ ಕುಳಿತು ಹಳೆಯ ಪುಟಗಳನ್ನೂ ಫೋನಿನಲ್ಲಿದ್ದ ಚಿತ್ರಗಳನ್ನೂ ಜೊತೆಗಿಟ್ಟು ನೋಡಿದೆ. ಆ ಹೆಸರಿನ ಹದಿನಾಲ್ಕು ಚಿತ್ರಗಳಲ್ಲಿ ಮೈ ಸ್ಪಷ್ಟವಾಗಿ ಕಾಣುವವು ಒಂಬತ್ತು, ಆ ಒಂಬತ್ತರಲ್ಲಿ ಏಳರ ಮೈ ಕಪ್ಪು. ಕೆಂಪು ಮೈಯ ಎರಡೂ ಚಿತ್ರಗಳು ಮೊದಲ ವರ್ಷದವು. ಅದಕ್ಕೆ ಕಾರಣವೂ ಸ್ವಲ್ಪ ಹೊತ್ತಿನಲ್ಲೇ ಹೊಳೆಯಿತು. ಐದು ವರ್ಷಗಳ ಹಿಂದೆ, ಮಳೆ ನಿಂತ ಮೇಲೆ ತೋಟದಲ್ಲಿ ಕಳೆ ಹೊಡೆಸಿದಾಗ ಬೇಲಿಯ ಮೇಲೆ ಹಬ್ಬಿದ್ದ ಈಶ್ವರಬಳ್ಳಿಯೂ ಯಂತ್ರಕ್ಕೆ ಸಿಕ್ಕಿ ಬುಡಸಮೇತ ಹೋಗಿತ್ತು. ಬೇಲಿ ಚೊಕ್ಕಟವಾಯಿತೆಂದು ಆಗ ನಾನೇ ಸಂತೋಷಪಟ್ಟಿದ್ದೆ. ಬಳ್ಳಿ ಹೋದ ಮೇಲೆ ನಮ್ಮ ಅಂಗಳಕ್ಕೆ ರೋಸ್ ಚಿಟ್ಟೆಗಳು ಬರುವುದು ನಿಂತಿದ್ದರೂ ನನ್ನ ಪುಸ್ತಕದಲ್ಲಿ ಅವು ವರ್ಷವರ್ಷವೂ ಹಾರುತ್ತಲೇ ಇದ್ದವು. ಹೆಸರು ತಪ್ಪಿದ್ದರಿಂದ ಒಂದು ಚಿಟ್ಟೆ ಇಲ್ಲವಾದದ್ದೇ ನನಗೆ ತಿಳಿಯಲಿಲ್ಲ. ಆ ಸಂಜೆ ನನಗಾದ ಬೇಸರ ದೊಡ್ಡದು. ಒಂದೇ ತೆರನಾಗಿ ಕಾಣುವ ಚಿಟ್ಟೆಗಳನ್ನು ಬೇರ್ಪಡಿಸುವುದು ಹೇಗೆಂದು ಇಷ್ಟು ವಿವರವಾಗಿ ಬರೆಯಲು ಹೊರಟಿರುವುದೂ ಅದರಿಂದಲೇ.

ಕಾಮನ್ ಮಾರ್ಮನ್ ಚಿಟ್ಟೆಯ ಗಂಡು ಒಂದೇ ಬಗೆಯದು: ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ನಡುವೆ ಬಿಳಿ ಚುಕ್ಕೆಗಳ ಒಂದು ಅಡ್ಡಸಾಲು. ಹೆಣ್ಣಿನಲ್ಲಿ ಮಾತ್ರ ಮೂರು ಬಗೆ. ಒಂದು ಗಂಡಿನಂತೆಯೇ ಇರುತ್ತದೆ. ಇನ್ನೊಂದು, ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆಯೂ ಅಂಚಿನಲ್ಲಿ ಕೆಂಪು ಗುರುತುಗಳೂ ಇದ್ದು, ಕಾಮನ್ ರೋಸ್ ಚಿಟ್ಟೆಯನ್ನು ಹೋಲುತ್ತದೆ. ಮೂರನೆಯದು ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಹೋಲುತ್ತದೆ. ನಮ್ಮ ಬಾಟಲಿಯಲ್ಲಿ ಹುಟ್ಟಿದ್ದು ಇದೇ. ಹಿಂದೊಮ್ಮೆ ಇವನ್ನು ಬೇರೆ ಬೇರೆ ಪ್ರಭೇದಗಳೆಂದೇ ತಿಳಿದು ಬೇರೆ ಬೇರೆ ಹೆಸರುಗಳನ್ನೂ ಇಟ್ಟಿದ್ದರು. ಇವೆಲ್ಲ ಒಂದೇ ಪ್ರಭೇದದ ಹೆಣ್ಣುಗಳೆಂದು ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲಿ ವಿವರಿಸಿದ. ಒಂದು ಗಂಡಿಗೆ ಮೂರು ಬಗೆಯ ಹೆಣ್ಣುಗಳೆಂಬ ಕಾರಣಕ್ಕೆ, ಅಮೆರಿಕದಲ್ಲಿ ಬಹುಪತ್ನಿತ್ವಕ್ಕೆ ಹೆಸರಾಗಿದ್ದ ಮಾರ್ಮನ್ ಪಂಥದ ಹೆಸರು ಈ ಚಿಟ್ಟೆಗೆ ಅಂಟಿಕೊಂಡಿತು.

ಹೀಗೆ ಹೋಲುವುದರಿಂದ ಚಿಟ್ಟೆಗೆ ಸಿಗುವ ಲಾಭ ಜೀವ ಉಳಿಸಿಕೊಳ್ಳುವುದು. ಈಶ್ವರಬಳ್ಳಿಯ ಎಲೆಯಲ್ಲಿರುವ ವಿಷವನ್ನು ರೋಸ್ ಚಿಟ್ಟೆಯ ಹುಳು ತಿಂದು ಮೈಯಲ್ಲಿ ಉಳಿಸಿಕೊಳ್ಳುತ್ತದೆ, ಹುಳು ಚಿಟ್ಟೆಯಾದ ಮೇಲೂ ಆ ವಿಷ ಇರುತ್ತದೆ. ಒಮ್ಮೆ ಅದನ್ನು ಬಾಯಿಗೆ ಹಾಕಿಕೊಂಡು ಕೆಟ್ಟ ರುಚಿ ಕಂಡ ಹಕ್ಕಿ ಕೆಂಪು-ಕಪ್ಪಿನ ಆ ಗುರುತನ್ನು ಮತ್ತೆ ಮರೆಯುವುದಿಲ್ಲ. ಮಾರ್ಮನ್ ಚಿಟ್ಟೆಯಲ್ಲಿ ವಿಷವಿಲ್ಲ, ಗುರುತು ಮಾತ್ರ ಇದೆ. ಅಮೆಜಾನ್ ಕಾಡುಗಳಲ್ಲಿ ವರ್ಷಗಟ್ಟಲೆ ಚಿಟ್ಟೆಗಳನ್ನು ನೋಡಿ ಬಂದ ಹೆನ್ರಿ ವಾಲ್ಟರ್ ಬೇಟ್ಸ್ ಈ ಬಗೆಯ ಅನುಕರಣೆಯನ್ನು 1862ರಲ್ಲಿ ವಿವರಿಸಿದ್ದರಿಂದ ಅದನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ವೇಷದ ಹೆಣ್ಣುಗಳು ಹುಟ್ಟುವುದು ಹೇಗೆಂಬ ಪ್ರಶ್ನೆ ಮಾತ್ರ ಬಹುಕಾಲ ಉಳಿದಿತ್ತು. ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ಇಡೀ ವೇಷದ ಬದಲಾವಣೆ ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನಿನ ಹಿಡಿತದಲ್ಲಿದೆಯೆಂದು ತೋರಿಸಿದರು. ಕೀಟಗಳಲ್ಲಿ ಗಂಡು-ಹೆಣ್ಣಿನ ಲಕ್ಷಣಗಳನ್ನು ರೂಪಿಸುವ ಜೀನ್ ಅದು. ನಮ್ಮ ಒಗ್ಗರಣೆಯ ಗಿಡದಲ್ಲಿ ದಿನವೂ ನಡೆಯುತ್ತಿರುವ ಕೆಲಸಕ್ಕೆ ಇಷ್ಟು ದೊಡ್ಡ ಕಥೆಯಿದೆಯೆಂದು ತಿಳಿದಾಗಿನಿಂದ ಆ ಗಿಡದ ಎಸಳು ಮುರಿಯುವಾಗ ನನ್ನ ಕೈ ತಾನಾಗಿಯೇ ನಿಧಾನವಾಗುತ್ತದೆ.

ಅಂಗಳದಲ್ಲಿ ಇವನ್ನು ಬೇರ್ಪಡಿಸಲು ಮೈಯ ಬಣ್ಣದಷ್ಟು ಭದ್ರವಾದ ಗುರುತು ಇನ್ನೊಂದಿಲ್ಲ. ಕೆಂಪು ಮೈಯಾದರೆ ರೋಸ್, ಕಪ್ಪು ಮೈಯಾದರೆ ಮಾರ್ಮನ್. ಹಾರಾಟವೂ ಸ್ವಲ್ಪ ನೆರವಾಗುತ್ತದೆ: ರೋಸ್ ಚಿಟ್ಟೆಗಳು ಅವಸರವಿಲ್ಲದೆ, ಒಂದೇ ಎತ್ತರದಲ್ಲಿ, ಯಾರ ಭಯವೂ ಇಲ್ಲದವರಂತೆ ಸಾಗುತ್ತವೆ. ಮಾರ್ಮನ್ ಹೆಣ್ಣೂ ಸಾಮಾನ್ಯವಾಗಿ ಹಾಗೆಯೇ ಹಾರುತ್ತದೆ, ಆದರೆ ಬೆದರಿದಾಗ ಆ ನಡೆಯನ್ನು ಬಿಟ್ಟು ಅಡ್ಡಾದಿಡ್ಡಿಯಾಗಿ ವೇಗದಿಂದ ಕಾಫಿ ಗಿಡಗಳ ನಡುವೆ ನುಗ್ಗುತ್ತದೆ. ಕ್ರಿಮ್ಸನ್ ರೋಸ್ ಚಿಟ್ಟೆಯ ಮುಂದಿನ ರೆಕ್ಕೆಯ ಬಿಳಿ ಪಟ್ಟೆಗಳು ಸುಣ್ಣ ಬಳಿದಷ್ಟು ಸ್ಪಷ್ಟವಾಗಿರುತ್ತವೆ, ಮಾರ್ಮನ್ ಹೆಣ್ಣಿನಲ್ಲಿ ಅವು ಮಾಸಲು. ಆದರೂ ಬೆಳಕಿನ ಕೋನ ಬದಲಾದರೆ ಮಾಸಲು ಯಾವುದು, ಸ್ಪಷ್ಟ ಯಾವುದು ಎಂಬುದೇ ಅನುಮಾನವಾಗುತ್ತದೆ. ಮೈಯ ಬಣ್ಣದಲ್ಲಿ ಆ ಅನುಮಾನಕ್ಕೆ ಎಡೆಯಿಲ್ಲ.

ನಮ್ಮ ಜಿಲ್ಲೆಯವರು ನೆನಪಿನಲ್ಲಿಡಬೇಕಾದ ಇನ್ನೊಂದು ಕೆಂಪು ಮೈಯ ಚಿಟ್ಟೆಯಿದೆ, ಅದು ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಸಿಗುವ ಮಲಬಾರ್ ರೋಸ್. ಇದು ಕಾಮನ್ ರೋಸ್ ಚಿಟ್ಟೆಯ ಅಕ್ಕತಂಗಿಯಂತಿದ್ದು, ಹಿಂದಿನ ರೆಕ್ಕೆಯ ಬಿಳಿ ಮಚ್ಚೆ ಮಾತ್ರ ಬಹಳ ದೊಡ್ಡದಾಗಿ ರೆಕ್ಕೆಯ ಬುಡದ ಕಡೆಗೂ ಹರಡಿರುತ್ತದೆ. ಕಾಡಿನ ಅಂಚಿನ ತೋಟಗಳಿರುವವರು ‘ಕಾಮನ್’ ಎಂದು ಬರೆಯುವ ಮೊದಲು ಆ ಬಿಳಿಯ ಅಳತೆಯನ್ನು ಒಮ್ಮೆ ನೋಡಬೇಕು.

ಅನುಕರಣೆಯ ಇನ್ನೊಂದು ಜೋಡಿ ಮಳೆಗಾಲ ಕಳೆದ ಮೇಲೆ ಗದ್ದೆಯ ಬದುಗಳಲ್ಲಿ ಸಿಗುತ್ತದೆ. ಕಿತ್ತಳೆಕಂದು ಬಣ್ಣದ ರೆಕ್ಕೆ, ಮುಂದಿನ ರೆಕ್ಕೆಯ ತುದಿಯಲ್ಲಿ ಕಪ್ಪು, ಆ ಕಪ್ಪಿನ ನಡುವೆ ಬಿಳಿಯ ಓರೆಪಟ್ಟಿ ಇರುವ ಚಿಟ್ಟೆಯನ್ನು ನೋಡದವರಿಲ್ಲ, ಅದು ಪ್ಲೇನ್ ಟೈಗರ್. ಅದರ ಹುಳು ಎಕ್ಕದ ಗಿಡವನ್ನೂ, ಕೆಂಪು-ಹಳದಿ ಹೂಗೊಂಚಲಿನ ಕಾಕತುಂಡಿಯನ್ನೂ ತಿಂದು ಅವುಗಳ ವಿಷವನ್ನು ಮೈಗೂಡಿಸಿಕೊಳ್ಳುತ್ತದೆ. ಇದನ್ನು ಹೋಲುವುದು ಡೆನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು. ಇದರ ಗಂಡಿಗೂ ಹೆಣ್ಣಿಗೂ ಸಂಬಂಧವಿದೆಯೆಂದು ನೋಡಿದವರು ನಂಬುವುದು ಕಷ್ಟ. ಗಂಡು ಕಡುಕಪ್ಪಾಗಿದ್ದು, ಅದರ ಮೇಲೆ ನೇರಳೆ ಅಂಚಿನ ಬಿಳಿಯ ದೊಡ್ಡ ಮಚ್ಚೆಗಳಿರುತ್ತವೆ.

ಇಲ್ಲಿ ಮೈಯ ಬಣ್ಣ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ರೆಕ್ಕೆಯ ಮೇಲ್ಭಾಗದ ಕಪ್ಪು ಚುಕ್ಕೆಗಳನ್ನು ಎಣಿಸಬೇಕು. ಪ್ಲೇನ್ ಟೈಗರ್ ಹೆಣ್ಣಾದರೆ ರೆಕ್ಕೆಯ ನಡುವೆ ಮೂರು ಚುಕ್ಕೆಗಳು, ಗಂಡಾದರೆ ನಾಲ್ಕು. ಗಂಡಿನ ಆ ನಾಲ್ಕನೆಯದು ನಿಜವಾಗಿ ಚುಕ್ಕೆಯಲ್ಲ, ವಾಸನೆಯ ಪುಡಿಯನ್ನು ಹೊತ್ತ ಸಣ್ಣ ಚೀಲ. ಡೆನೈಡ್ ಎಗ್‌ಫ್ಲೈ ಹೆಣ್ಣಿನಲ್ಲಿ ಇರುವುದು ಒಂದೇ ಚುಕ್ಕೆ, ಅದೂ ರೆಕ್ಕೆಯ ಮೇಲಂಚಿಗೆ ಹತ್ತಿರ. ಜೊತೆಗೆ ಎಗ್‌ಫ್ಲೈ ಚಿಟ್ಟೆಯ ರೆಕ್ಕೆಯ ಹೊರ ಅಂಚು ಸಣ್ಣ ಅಲೆಗಳಂತೆ ಕೊರೆದಿರುತ್ತದೆ. ಒಂದು ದಿನ ಬೆಳಿಗ್ಗೆ ಕಣದ ಬದಿಯಲ್ಲಿ ಇಂಥದ್ದೊಂದು ಚಿಟ್ಟೆ ನೆಲದ ಗೋಣಿಸೊಪ್ಪಿನ ಮೇಲೆ ಕೂರುವುದು, ಏಳುವುದು, ಮತ್ತೆ ಕೂರುವುದು ಮಾಡುತ್ತಿತ್ತು. ಪ್ಲೇನ್ ಟೈಗರ್ ಚಿಟ್ಟೆಗೆ ಗೋಣಿಸೊಪ್ಪಿನಲ್ಲಿ ಏನು ಕೆಲಸ ಎನ್ನಿಸಿ ಹತ್ತಿರ ಹೋಗಿ ಬಗ್ಗಿದೆ. ಹೊಟ್ಟೆಯ ತುದಿಯನ್ನು ಬಾಗಿಸಿ ಎಲೆಯ ಅಡಿಗೆ ತಾಗಿಸುತ್ತಿತ್ತು. ರೆಕ್ಕೆ ಬಿಚ್ಚಿದಾಗ ಚುಕ್ಕೆ ಒಂದೇ. ನಾವು ಸಾರಿಗೆ, ಪಲ್ಯಕ್ಕೆ ಬಳಸುವ ಆ ಸೊಪ್ಪೇ ಎಗ್‌ಫ್ಲೈ ಹುಳುವಿನ ಆಹಾರ. ಚುಕ್ಕೆ ಎಣಿಸುವ ಮೊದಲೇ ಗಿಡ ಆ ಚಿಟ್ಟೆಯ ಹೆಸರನ್ನು ಹೇಳಿಬಿಟ್ಟಿತ್ತು. ಹೂವಿನ ಮೇಲೆ ಎಲ್ಲ ಚಿಟ್ಟೆಗಳೂ ಕೂರುತ್ತವೆ, ಆದ್ದರಿಂದ ಹೂವು ಹೆಚ್ಚೇನನ್ನೂ ತಿಳಿಸುವುದಿಲ್ಲ. ಮೊಟ್ಟೆಯಿಡುವ ತಾಯಿ ಮಾತ್ರ ಗಿಡವನ್ನು ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಹೆಣ್ಣು ಚಿಟ್ಟೆ ಎಲೆಯಿಂದ ಎಲೆಗೆ ಮುಂಗಾಲುಗಳಿಂದ ಮುಟ್ಟಿ ನೋಡುತ್ತ ಹೋಗುವುದನ್ನು ಕಂಡರೆ ಫೋನನ್ನು ಬದಿಗಿಟ್ಟು ಅದು ಎಲ್ಲಿ ನಿಲ್ಲುತ್ತದೆಂದು ನೋಡುವುದು ಒಳ್ಳೆಯದು.

ನಮ್ಮ ತೋಟಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಕಂದುಗಪ್ಪಿನ ‘ಕ್ರೋ’ ಚಿಟ್ಟೆಗಳ ಗುಂಪು. ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲಿರುವ ಕಾಮನ್ ಕ್ರೋ ಚಿಟ್ಟೆಯ ಹುಳು ಅತ್ತಿ, ಗೋಳಿಮರ, ಕಣಗಿಲೆಗಳ ಎಲೆಯನ್ನು ತಿನ್ನುತ್ತದೆ. ಅದರ ಕೋಶ ಬೆಳ್ಳಿಯ ಗುಂಡಿನಂತೆ ಹೊಳೆಯುವುದನ್ನು ನೋಡಿದವರು ಮರೆಯಲಾರರು. ಇದನ್ನು ಹೋಲುವ ಡಬಲ್ ಬ್ರ್ಯಾಂಡೆಡ್ ಕ್ರೋ ಚಿಟ್ಟೆಯ ಗಂಡಿನ ಮುಂದಿನ ರೆಕ್ಕೆಯ ಮೇಲೆ ಬರೆ ಎಳೆದಂಥ ಎರಡು ಗೆರೆಗಳಿರುತ್ತವೆ, ಕಾಮನ್ ಕ್ರೋ ಗಂಡಿನಲ್ಲಿ ಒಂದೇ. ಆದರೆ ರೆಕ್ಕೆ ಮಡಿಚಿ ಕುಳಿತಾಗ ಆ ಗೆರೆ ಕಾಣದು. ಇವೆರಡೂ ವಿಷದ ಚಿಟ್ಟೆಗಳೇ. ವಿಷವಿರುವವು ಪರಸ್ಪರ ಹೋಲುವುದರಿಂದ ಹಕ್ಕಿಗಳಿಗೆ ಕಲಿಯಬೇಕಾದ ಗುರುತು ಒಂದೇ ಆಗುತ್ತದೆ, ಎರಡು ಚಿಟ್ಟೆಗಳಿಗೂ ಆಗುವ ನಷ್ಟ ಹಂಚಿಹೋಗುತ್ತದೆ. ಈ ವಿವರಣೆಯನ್ನು ಕೊಟ್ಟವನು ನಿಸರ್ಗತಜ್ಞ ಫ್ರಿಟ್ಸ್ ಮ್ಯುಲರ್. ಇದೇ ಗುಂಪಿನ ನಡುವೆ ವಿಷವಿಲ್ಲದ ಕಾಮನ್ ಮೈಮ್, ಮಲಬಾರ್ ರೇವನ್, ಗ್ರೇಟ್ ಎಗ್‌ಫ್ಲೈ ಹೆಣ್ಣು ಎಲ್ಲವೂ ಬಂದು ಸೇರಿಕೊಳ್ಳುತ್ತವೆ.

ಕಾಮನ್ ಮೈಮ್ ಚಿಟ್ಟೆಯನ್ನು ಗುರುತಿಸಲು ನಾನು ಅತ್ಯಂತ ನೆಚ್ಚುವ ವಿಧಾನ ಕಾಲುಗಳನ್ನು ಎಣಿಸುವುದು. ಕೀಟವೆಂದರೆ ಆರು ಕಾಲು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಕ್ರೋ, ಟೈಗರ್, ಎಗ್‌ಫ್ಲೈ ಮುಂತಾದವು ಸೇರಿದ ಕುಟುಂಬದಲ್ಲಿ ಮುಂದಿನ ಜೋಡಿ ಕಾಲುಗಳು ಬಹಳ ಸಣ್ಣದಾಗಿ ಎದೆಗೆ ಮಡಚಿಕೊಂಡಿರುತ್ತವೆ. ಆದ್ದರಿಂದ ಅವು ನಾಲ್ಕು ಕಾಲುಗಳ ಮೇಲೆ ನಿಂತಂತೆ ಕಾಣುತ್ತವೆ. ಮೈಮ್, ಮಾರ್ಮನ್, ರೋಸ್ ಚಿಟ್ಟೆಗಳ ಕುಟುಂಬ ಆರೂ ಕಾಲುಗಳನ್ನು ಊರಿ ನಿಲ್ಲುತ್ತದೆ. ಕಳೆದ ಮಾರ್ಚಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ವಾರ, ತೋಡಿನ ಬದಿಯ ಒದ್ದೆ ಮರಳಿನಲ್ಲಿ ಕುಳಿತಿದ್ದ ಒಂದು ‘ಕ್ರೋ’ ಚಿಟ್ಟೆಯನ್ನು ಮೊಣಕಾಲೂರಿ ನೋಡಿದಾಗ ಆರು ಕಾಲುಗಳು ಸ್ಪಷ್ಟವಾಗಿ ಕಂಡವು. ಹಿಂದಿನ ರೆಕ್ಕೆಯ ಅಡಿಭಾಗದ ಅಂಚಿನಲ್ಲಿ ಹಳದಿ ಚುಕ್ಕೆಗಳ ಸಾಲೂ ಇತ್ತು. ಅದು ಮೈಮ್. ಅದರ ಹುಳು ದಾಲ್ಚಿನ್ನಿಯ ಎಲೆಯನ್ನು ತಿಂದು, ಒಣಗಿ ಮುರಿದ ಕಡ್ಡಿಯ ತುಂಡಿನಂತೆಯೇ ಕಾಣುವ ಕೋಶ ಕಟ್ಟುತ್ತದೆ. ಮನೆಯ ಹಿಂದೆ ದಾಲ್ಚಿನ್ನಿ ಮರವಿರುವವರು ಚಿಗುರು ಬಂದಾಗ ಒಮ್ಮೆ ಕೊಂಬೆಗಳ ಮೇಲೆ ಕಣ್ಣಾಡಿಸಬಹುದು.

ಇದೇ ಮೈಮ್ ಚಿಟ್ಟೆಯ ಇನ್ನೊಂದು ರೂಪ ಕಪ್ಪಿನ ಮೇಲೆ ಬಿಳಿ ಗೆರೆಗಳಿದ್ದು ಬ್ಲೂ ಟೈಗರ್ ಚಿಟ್ಟೆಯನ್ನು ಹೋಲುತ್ತದೆ. ಅಲ್ಲಿಯೂ ಕಾಲೆಣಿಕೆ ಸಾಕು. ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್‌ಗಳನ್ನು ಪರಸ್ಪರ ಬೇರ್ಪಡಿಸುವುದು ಅದಕ್ಕಿಂತ ಕಷ್ಟ. ಡಾರ್ಕ್ ಎಂದು ಕರೆಯುವುದರ ರೆಕ್ಕೆಯ ಮೂಲ ಬಣ್ಣ ಹೆಚ್ಚು ಕಪ್ಪಾಗಿರುತ್ತದೆ, ನೀಲಿ ಗುರುತುಗಳು ಸಣಕಲಾಗಿರುತ್ತವೆ. ಎರಡನ್ನೂ ಒಟ್ಟಿಗೆ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ, ಒಂದನ್ನೇ ನೋಡಿದರೆ ಅನುಮಾನ ಉಳಿಯುತ್ತದೆ. ಒಟ್ಟಿಗೆ ನೋಡಲು ನಮ್ಮ ಜಿಲ್ಲೆ ಒಳ್ಳೆಯ ಜಾಗ. ಮುಂಗಾರು ಹಿಡಿಯುವ ಮೊದಲು, ಏಪ್ರಿಲ್‌ನಿಂದ ಜೂನ್‌ವರೆಗೆ, ಈ ಟೈಗರ್ ಮತ್ತು ಕ್ರೋ ಚಿಟ್ಟೆಗಳು ದೊಡ್ಡ ಸಂಖ್ಯೆಯಲ್ಲಿ ಘಟ್ಟದಿಂದ ಪೂರ್ವದ ಬಯಲಿನ ಕಡೆಗೆ ಹೋಗುತ್ತವೆ. ಮಳೆ ಮುಗಿದು ಅಕ್ಟೋಬರ್, ನವೆಂಬರ್ ಬಂದಾಗ ಹಿಂದಿರುಗುತ್ತವೆ. ದಾರಿಯಲ್ಲಿ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಮಾಡುವ ಕ್ರೊಟಲೇರಿಯ ಗಿಡಗಳಿಗೆ ಗಂಡುಗಳು ಮುತ್ತಿಕೊಂಡು ಅದರ ರಸವನ್ನು ಹೀರುತ್ತವೆ. ಹೆಣ್ಣನ್ನು ಸೆಳೆಯುವ ವಾಸನೆಗೆ ಬೇಕಾದ ಸಸ್ಯಕ್ಷಾರ (ಆಲ್ಕಲಾಯ್ಡ್) ಅವಕ್ಕೆ ಅಲ್ಲಿ ಸಿಗುತ್ತದೆ. ಒಂದೇ ಗಿಡದ ಮೇಲೆ ನಾಲ್ಕು ಪ್ರಭೇದಗಳು ಗೊಂಚಲಾಗಿ ತೂಗುವಾಗ ಯಾವ ಪುಸ್ತಕದ ಚಿತ್ರಕ್ಕಿಂತಲೂ ಚೆನ್ನಾಗಿ ಅವುಗಳ ವ್ಯತ್ಯಾಸ ಕಾಣುತ್ತದೆ.

ಜೆಝೆಬೆಲ್ ಬಗ್ಗೆ ಒಂದು ಮಾತು. ಅಡಿಭಾಗದಲ್ಲಿ ಅರಿಶಿನದ ಹಳದಿ, ಅದರ ಅಂಚಿಗೆ ಕೆಂಪು ಮಚ್ಚೆಗಳಿರುವ ಕಾಮನ್ ಜೆಝೆಬೆಲ್ ಮರಗಳ ನೆತ್ತಿಯಲ್ಲಿ ತೇಲುತ್ತ, ತನ್ನ ಹುಳುಗಳಿಗೆ ಬೇಕಾದ ಬಂದಳಿಕೆಯನ್ನು ಹುಡುಕುತ್ತಿರುತ್ತದೆ. ಇದನ್ನೇ ಹೋಲುವ ಪೇಂಟೆಡ್ ಸಾಟೂತ್ ಬಹಳ ಅಪರೂಪದ್ದು. ನಾನು ಇದುವರೆಗೆ ಎರಡೇ ಬಾರಿ ನೋಡಿದ್ದೇನೆ, ಎರಡೂ ಬಾರಿ ತೋಡಿನ ಒದ್ದೆ ನೆಲದಲ್ಲಿ. ಜೆಝೆಬೆಲ್ ಚಿಟ್ಟೆಯ ಕೆಂಪು ಮಚ್ಚೆಗಳು ಒಳಗಡೆ ಚೂಪಾಗಿರುತ್ತವೆ, ಸಾಟೂತ್ ಚಿಟ್ಟೆಯವು ಚೌಕಾಕಾರದವು. ಜೆಝೆಬೆಲ್ ನೆಲಕ್ಕಿಳಿದು ಒದ್ದೆ ಮಣ್ಣು ಹೀರುವುದು ಅಪರೂಪ, ಆದ್ದರಿಂದ ಮರಳಿನ ಮೇಲೆ ‘ಜೆಝೆಬೆಲ್’ ಕಂಡರೆ ಅಲ್ಲಿಂದ ಕದಲದೆ ಮಚ್ಚೆಯ ಆಕಾರವನ್ನು ನೋಡಬೇಕು.

ಇನ್ನು ಸಣ್ಣವುಗಳ ವಿಷಯಕ್ಕೆ ಬಂದರೆ ರೆಕ್ಕೆಯ ಮೇಲ್ಭಾಗವನ್ನು ಪೂರ್ತಿ ಮರೆತುಬಿಡಬೇಕು. ಅಂಗಳದ ಹುಲ್ಲಿನ ಮೇಲೆ ಪುಟಿಯುವ ಹಳದಿ ಚಿಟ್ಟೆಗಳೆಲ್ಲ ಹಾರುವಾಗ ಒಂದೇ. ಅವು ರೆಕ್ಕೆ ಮುಚ್ಚಿ ಕುಳಿತಾಗ ಮುಂದಿನ ರೆಕ್ಕೆಯ ಅಡಿಯಲ್ಲಿ, ಬುಡದ ಕಡೆ, ಸೂಜಿಮೊನೆಯಷ್ಟು ಚುಕ್ಕೆಗಳನ್ನು ಎಣಿಸಬೇಕು. ಎರಡಿದ್ದರೆ ಕಾಮನ್ ಗ್ರಾಸ್ ಯೆಲ್ಲೋ, ಮೂರಿದ್ದರೆ ಥ್ರೀ ಸ್ಪಾಟ್, ಒಂದೇ ಇದ್ದರೆ ಒನ್ ಸ್ಪಾಟ್. ಹುಳುಗಳಲ್ಲಿ ಈ ವ್ಯತ್ಯಾಸ ಇನ್ನೂ ಸುಲಭ: ಕಾಮನ್ ಗ್ರಾಸ್ ಯೆಲ್ಲೋ ಒಂದೊಂದೇ ಮೊಟ್ಟೆಯಿಡುತ್ತದೆ, ಅದರ ಹುಳುವಿನ ತಲೆ ಹಸಿರು, ಥ್ರೀ ಸ್ಪಾಟ್ ಗುಂಪಾಗಿ ಮೊಟ್ಟೆಯಿಡುತ್ತದೆ, ಕಪ್ಪು ತಲೆಯ ಅದರ ಹುಳುಗಳು ಒಂದೇ ಕೊಂಬೆಯಲ್ಲಿ ಸಾಲಾಗಿ ಮೇಯುತ್ತವೆ. ನೆಲಮಟ್ಟದ ನೀಲಿ ಚಿಟ್ಟೆಗಳಲ್ಲಿಯೂ ಹೀಗೆಯೇ ಅಡಿಭಾಗವೇ ಆಧಾರ. ಲೆಸ್ಸರ್ ಗ್ರಾಸ್ ಬ್ಲೂ ಚಿಟ್ಟೆಯ ಮುಂದಿನ ರೆಕ್ಕೆಯ ಒಳಕೋಣೆಯಲ್ಲಿ, ಅಂದರೆ ಬುಡದ ಕಡೆ ನರಗಳು ಸುತ್ತುವರಿದ ಜಾಗದಲ್ಲಿ, ಚುಕ್ಕೆಯಿಲ್ಲ, ಪೇಲ್ ಮತ್ತು ಡಾರ್ಕ್ ಗ್ರಾಸ್ ಬ್ಲೂ ಚಿಟ್ಟೆಗಳಲ್ಲಿ ಇದೆ. ಇವನ್ನು ಬರಿಗಣ್ಣಿನಿಂದ ಬೇರ್ಪಡಿಸುವೆನೆಂಬ ಹಟವನ್ನು ನಾನು ಬಿಟ್ಟಿದ್ದೇನೆ. ನೆಲದ ಮೇಲೆ ಮಲಗಿ, ಫೋನನ್ನು ರೆಕ್ಕೆಯ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಚಿತ್ರ ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನೋಡುತ್ತೇನೆ. ಚಿತ್ರ ಹಾಕಿದ ತಕ್ಷಣ ಹೆಸರು ಹೇಳುವ ಆ್ಯಪ್‌ಗಳೂ ಈಗ ಇವೆ. ಅವು ಹೇಳುವ ಹೆಸರನ್ನು ನಾನು ಮೊದಲ ಸುಳಿವಾಗಿ ಸ್ವೀಕರಿಸುತ್ತೇನೆ, ಕೊನೆಯ ತೀರ್ಮಾನವಾಗಿ ಅಲ್ಲ. ಮೈ ಕಾಣದ ಚಿತ್ರವನ್ನು ಕೊಟ್ಟರೆ ರೋಸ್ ಯಾವುದು, ಮಾರ್ಮನ್ ಯಾವುದು ಎಂಬಲ್ಲಿ ಅವೂ ನನ್ನಂತೆಯೇ ತಪ್ಪುತ್ತವೆ.

ಇದಕ್ಕೆ ವಿರುದ್ಧವಾದ ತೊಡಕೂ ಒಂದಿದೆ: ಒಂದೇ ಪ್ರಭೇದ ಋತುವಿಗೆ ತಕ್ಕಂತೆ ಎರಡಾಗಿ ಕಾಣುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಗೆ ಬರುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಯ ಅಡಿಭಾಗದಲ್ಲಿ ಮಳೆಗಾಲದಲ್ಲಿ ಕಣ್ಣಿನಂಥ ಗುರುತುಗಳು ಸಾಲಾಗಿರುತ್ತವೆ. ಬೇಸಿಗೆಯಲ್ಲಿ ಹುಟ್ಟಿದವುಗಳಲ್ಲಿ ಆ ಕಣ್ಣುಗಳು ಅಳಿಸಿಹೋಗಿ, ಚಿಟ್ಟೆ ತರಗೆಲೆಯಂತೆಯೇ ಆಗುತ್ತದೆ. ರೆಕ್ಕೆಯಡಿಯ ಉಂಗುರಗಳನ್ನು ಎಣಿಸಿ ಹೆಸರಿಸುವ ‘ಫೋರ್ ರಿಂಗ್’ ಚಿಟ್ಟೆಗಳ ಉಂಗುರಗಳೂ ಬೇಸಿಗೆಯಲ್ಲಿ ಬರೀ ಚುಕ್ಕೆಗಳಾಗುತ್ತವೆ. ಆದ್ದರಿಂದ ತಿಂಗಳನ್ನು ಬರೆಯದೆ ಈ ಚಿಟ್ಟೆಗಳ ಹೆಸರು ಬರೆದರೆ ಪ್ರಯೋಜನವಿಲ್ಲ.

ಕಳೆದ ದಸರೆಯ ನಂತರ ನನ್ನ ನೋಟ್‌ಬುಕ್ಕಿನ ಕ್ರಮ ಬದಲಾಗಿದೆ. ಮೊದಲೆಲ್ಲ ಹೆಸರನ್ನು ಬರೆದು ಮುಂದೆ ಸಂಖ್ಯೆ ಹಾಕುತ್ತಿದ್ದೆ. ಈಗ ಮೊದಲು ನೋಡಿದ್ದನ್ನು ಬರೆಯುತ್ತೇನೆ: ಯಾವ ಗಿಡ, ಅಲ್ಲಿ ಏನು ಮಾಡುತ್ತಿತ್ತು, ಮೈಯ ಬಣ್ಣ, ಅಡಿಭಾಗದ ಚುಕ್ಕೆ, ಕಾಣಿಸಿದರೆ ಕಾಲು. ಅದಾದ ಮೇಲೆ ಹೆಸರು. ಮೈ ಕಾಣದೆ ಹಾರಿಹೋದ ಕೆಂಪು ಚುಕ್ಕೆಯ ಕಪ್ಪು ಚಿಟ್ಟೆಗೆ ‘ರೋಸ್ ಅಥವ ಮಾರ್ಮನ್’ ಎಂದೇ ಬರೆಯುತ್ತೇನೆ. ಹಳೆಯ ಪುಟಗಳಲ್ಲಿ ಚಿತ್ರವಿಲ್ಲದ ‘ಕ್ರಿಮ್ಸನ್ ರೋಸ್’ಗಳನ್ನೆಲ್ಲ ಪೆನ್ಸಿಲ್ಲಿನಿಂದ ಹಾಗೆಯೇ ತಿದ್ದಿದ್ದೇನೆ, ಮೊದಲು ಬರೆದದ್ದು ಕೆಳಗೆ ಓದಿಸುವಂತೆ ಬಿಟ್ಟಿದ್ದೇನೆ.

ಈ ವರ್ಷ ಮಳೆ ಹಿಡಿದ ಜೂನ್ ತಿಂಗಳಲ್ಲಿ ಪಕ್ಕದ ತೋಟದವರ ಬೇಲಿಯಿಂದ ಬೇರುಸಹಿತ ಈಶ್ವರಬಳ್ಳಿಯ ಎರಡು ಬುಡಗಳನ್ನು ತಂದು ನಮ್ಮ ಬೇಲಿಯ ಬುಡದಲ್ಲಿ ನೆಟ್ಟೆ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಹುಳುವಿಗೂ ಇದೇ ಬಳ್ಳಿ ಆಹಾರವೆಂದು ಕಳೆ ಹೊಡೆಯುವವರಿಗೆ ಎಲೆ ತೋರಿಸಿ ಹೇಳಿ, ಗುರುತಿಗೆ ಕೆಂಪು ಬಟ್ಟೆಯ ತುಂಡನ್ನೂ ಕಟ್ಟಿದ್ದೇನೆ. ಒಂದು ಬುಡ ಕಕ್ಕಡ ತಿಂಗಳ ಮಳೆಗೆ ಕೊಳೆತುಹೋಯಿತು. ಇನ್ನೊಂದು ಬದುಕಿ, ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಬೇಲಿಯ ಮೇಲ್ತಂತಿಯನ್ನು ಹಿಡಿದಿತ್ತು.

ತಂಗಿಯ ಮಗಳು ಈ ದಸರಾ ರಜೆಗೂ ಬಂದಿದ್ದಾಳೆ. ಮೊನ್ನೆ ಬಿಸಿಲೇರಿದ ಮೇಲೆ ಅವಳು ಬೇಲಿಯ ಬಳಿಯಿಂದ ಕೂಗದೆ, ಮೆಲ್ಲಗೆ ಒಳಗೆ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಒಂದು ಕಪ್ಪು ಚಿಟ್ಟೆ ಬಳ್ಳಿಯ ಎಳೆಯ ತುದಿಯ ಸುತ್ತ ನಿಧಾನವಾಗಿ ಸುತ್ತುತ್ತ, ರೆಕ್ಕೆ ಬಡಿಯುತ್ತಲೇ ಎಲೆಯ ಅಡಿಗೆ ಹೊಟ್ಟೆ ಬಾಗಿಸುತ್ತಿತ್ತು. ಅದು ಹೋದ ಮೇಲೆ ಎಲೆಯನ್ನು ಮಗುಚಿ ನೋಡಿದೆವು: ಸಾಸಿವೆಗಿಂತ ಸಣ್ಣ, ಕೆಂಪು ಛಾಯೆಯ ಮೂರು ಮೊಟ್ಟೆಗಳು. ನೋಟ್‌ಬುಕ್ಕಿನಲ್ಲಿ ಅಂದಿನ ಸಾಲನ್ನು ಅವಳೇ ಬರೆದಳು: “ಬೆಳಿಗ್ಗೆ 10.20, ಬೇಲಿಯ ಈಶ್ವರಬಳ್ಳಿ, ಮೊಟ್ಟೆ 3, ತಾಯಿಯ ಮೈ ಕೆಂಪು, ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ. ಕ್ರಿಮ್ಸನ್ ರೋಸ್.”